ಕಾಲಿದ್ದ ಹಾವು

ಹಚ್ಚೆ ಹಾಕಿಸಿಕೊಳ್ಳಲು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಾಳೆ ಇದು ಬೇಡ ಅನ್ನಿಸಿದರೆ ಏನು ಮಾಡ್ತೀರಿ? ಬಹಳ ಜನ ನಗುತ್ತಾರೆ. ನಕ್ಕವರನ್ನು ಇನ್ನೊಂದು ವಾರ ಬಿಟ್ಟು ಬನ್ನಿ ಅಂತ ಕಳಿಸಿಬಿಡುತ್ತೇನೆ. ಇವಳಿಗೆ ವ್ಯಾಪಾರ ಮಾಡೂಕೆ ಬರೂದಿಲ್ಲ ಅಂತ ಪಕ್ಕದ ಅಂಗಡಿಯ ಟೇಲರ್ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಅವನು ಹೊಲಿದ ರವಿಕೆಯನ್ನು ಬಿಚ್ಚಿ ಮತ್ತೆ ಹೊಲಿಯಬಹುದು. ನನ್ನ ಕೆಲಸ ಹಾಗಲ್ಲ.

ಕಾರವಾರದ ಕಾಜುಬಾಗಿನ ಒಂದು ಓಣಿಯಲ್ಲಿ ನನ್ನದು ಒಂದೇ ಕೋಣೆಯ ಅಂಗಡಿ. ಬೈತಖೋಲದ ಬೋಟಿನ ಹುಡುಗರು ಪ್ರೀತಿಸಿದವಳ ಹೆಸರಿನ ಮೊದಲಕ್ಷರ ಹಾಕಿಸಿಕೊಂಡು ಹೋಗುತ್ತಾರೆ, ವರ್ಷ ತುಂಬುವುದರೊಳಗೆ ಅದನ್ನು ಗುಲಾಬಿ ಹೂವು ಮಾಡಿಕೊಡಿ ಅಂತ ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ಹೊಟ್ಟೆಪಾಡಿಗೆ ಅದೂ ಆಯಿತು. ಆದರೆ ನನಗೆ ಜೀವ ಇರುವುದು ಜಪಾನಿ ಕೆಲಸದಲ್ಲಿ. ಮಡಗಾಂವಿನಲ್ಲಿ ಒಬ್ಬನ ಹತ್ತಿರ ಕಲಿತೆ. ಅವನ ಬಾಯಿ ಹೊಲಸು, ಕೈ ಬಂಗಾರ.

ಜಪಾನಿನವರ ಹಚ್ಚೆಯ ಪ್ರಾಣಿಗಳೆಲ್ಲ ಬೆರಕೆ. ಅವರ ಡ್ರ್ಯಾಗನ್‌ಗೆ ಒಂಟೆಯ ತಲೆ, ಜಿಂಕೆಯ ಕೋಡು, ಹಾವಿನ ಕುತ್ತಿಗೆ, ಮೀನಿನ ಹುರುಪೆ, ಹದ್ದಿನ ಉಗುರು. ಕಾಲಿಗೆ ಮೂರೇ ಬೆರಳು. ನಾಲ್ಕು ಹಾಕಿದರೆ ಅದು ಜಪಾನಿನದಲ್ಲ ಅಂತ ನನ್ನ ಗುರು ಕೈ ಮೇಲೆ ಹೊಡೆಯುತ್ತಿದ್ದ. ಅದು ಮೋಡದಲ್ಲಿ ಇರುತ್ತದೆ, ಮಳೆ ತರುತ್ತದೆ, ಮೈಮೇಲಿದ್ದವರನ್ನು ಕಾಯುತ್ತದೆ. ನಮ್ಮಲ್ಲಿ ರಾಜಕುಮಾರಿಯನ್ನು ಕದಿಯುವ ಡ್ರ್ಯಾಗನ್ ಅಂತ ಮಕ್ಕಳು ಟೀವಿಯಲ್ಲಿ ನೋಡುತ್ತಾರಲ್ಲ, ಆ ಜಾತಿಯದಲ್ಲ ಇದು.

ನನಗೆ ಒಬ್ಬಳೇ ತಂಗಿ. ಅಂಕೋಲೆಯಲ್ಲಿ, ಕೇಣಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಅವಳು ಕನ್ನಡ ಶಾಲೆಯಲ್ಲಿರುವಾಗಲೇ ಆಯಿ ತೀರಿಕೊಂಡಳು. ಅಪ್ಪ ಕುಮಟೆಯಲ್ಲಿ ಬೇರೆ ಸಂಸಾರ ಹೂಡಿದ. ಇವಳ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಮೊದಲ ಸಲ ಹೊರಗಾದಾಗ ಹೆದರಿ ಬಚ್ಚಲಲ್ಲಿ ಅಡಗಿ ಕೂತವಳನ್ನು ಎಳೆದು ತಂದು ತಿಳಿಸಿ ಹೇಳಿದ್ದು ಎಲ್ಲ ನಾನು. ತಂಗಿಗೋಸ್ಕರ ಮದುವೆಯಾಗಲಿಲ್ಲ, ಪಾಪ, ಅಂತ ಊರವರು ನನ್ನ ಬಗ್ಗೆ ಹೇಳುವುದುಂಟು. ಹಾಗೇನೂ ಇಲ್ಲ. ಬಂದ ಗಂಡುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಆದರೆ ಅವಳೊಬ್ಬಳು ಇದ್ದಳಲ್ಲ, ಹಾಗಾಗಿ ನನಗೆ ಕೊರತೆ ಅನ್ನಿಸಲಿಲ್ಲ ಎಂಬುದು ನಿಜ.

ಅವಳಿಗೆ ಎಲ್ಲದಕ್ಕೂ ಹೆದರಿಕೆ. ನಾಯಿಗೆ, ಗುಡುಗಿಗೆ, ಗಟ್ಟಿ ಮಾತಿಗೆ. ಹಣಕೋಣದ ಮನೆಯೊಂದಕ್ಕೆ ಮದುವೆ ನಿಶ್ಚಯವಾದಾಗ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗೋಡೆಯ ಮೇಲಿನ ಡ್ರ್ಯಾಗನ್ ತೋರಿಸಿ, ಇದನ್ನು ನನ್ನ ಬೆನ್ನಿಗೆ ಹಾಕಿಕೊಡು ಅಂದಳು. ಯಾಕೆ ಅಂತ ಕೇಳಿದೆ. ಹೊಸ ಮನೆಗೆ ಹೋಗೂದು, ಯಾವುದಕ್ಕೂ ಹೆದರದೇ ಇದ್ದದ್ದು ಒಂದಾದರೂ ನನ್ನ ಸಂಗಡ ಇರಲಿ, ಅಂದಳು. ನಾಳೆ ಬೇಡ ಅನ್ನಿಸಿದರೆ ಅಂತ ಅವಳಿಗೂ ಕೇಳಿದೆ. ಅವಳು ನಗಲಿಲ್ಲ. ಹುಡುಗನಿಗೆ ಫೋನಿನಲ್ಲಿ ಹೇಳಿದ್ದಳಂತೆ. ಅವನು ಕದ್ವಾಡದಲ್ಲಿ ಬೈಕ್ ರಿಪೇರಿ ಮಾಡುವವನು, ಸಾದಾ ಮನುಷ್ಯ, ಅಡ್ಡಿಲ್ಲ ಅಂದಿದ್ದ. ಎಡ ಭುಜದಿಂದ ಸೊಂಟದ ತನಕ ಇಳಿಸಿದೆ. ಅಷ್ಟು ಒಳ್ಳೆಯ ಕೆಲಸ ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಮದುವೆಯಾದ ವರ್ಷವೇ ಬಸುರಿ ನಿಂತಳು, ಮೂರನೇ ತಿಂಗಳಿಗೆ ಹೋಯಿತು. ಮತ್ತೆ ನಿಂತಳು, ಅದೂ ಹೋಯಿತು. ಎರಡನೇ ಸಲ ಹೋದ ಮೇಲೆ ಅವಳ ಅತ್ತೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಲು ಬಚ್ಚಲಿಗೆ ಕರೆದುಕೊಂಡು ಹೋದರು. ಆವತ್ತಿನ ತನಕ ಸೊಸೆಯ ಬರಿ ಬೆನ್ನನ್ನು ಅವರು ನೋಡಿಯೇ ಇರಲಿಲ್ಲ. ನೋಡಿದವರು ಎಣ್ಣೆಯ ಬಟ್ಟಲು ಅಲ್ಲೇ ಇಟ್ಟು ಹೊರಗೆ ಬಂದು, ಮಗನ ಹತ್ತಿರ, ಇವಳ ಬೆನ್ನ ಮೇಲೆ ನಾಗ ಉಂಟು, ಅದನ್ನು ಸೂಜಿಯಲ್ಲಿ ಚುಚ್ಚಿ ಚುಚ್ಚಿ ರಕ್ತ ತೆಗೆದಿದ್ದಾರೆ, ನಮ್ಮ ಮನೆಯಲ್ಲಿ ಮಕ್ಕಳು ನಿಲ್ಲೂದು ಹೇಗೆ, ಅಂದರಂತೆ.

ನಾನು ಅವಳನ್ನು ಕಾರವಾರದ ಹೆಂಗಸರ ಡಾಕ್ಟರ್ ಬಾಯಿಯವರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಉಂಟು, ಗರ್ಭ ಹೋದದ್ದು ಅದಕ್ಕೇ, ಇದನ್ನು ಯಾರೂ ನೋಡಿಯೇ ಇಲ್ಲವಲ್ಲ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ತಗೊಳ್ಳಬೇಕು, ಅಂದರು ಅವರು. ಅದೇ ವಾರ ಅತ್ತೆ ಭಟ್ಟರ ಹತ್ತಿರ ಹೋದರು. ಭಟ್ಟರು ಒಳ್ಳೆಯವರು, ಮೆತ್ತಗೆ ಮಾತಾಡುವವರು. ಅವರನ್ನು ಬೈಯಲು ನನಗೆ ಕಾರಣ ಸಿಕ್ಕಿಲ್ಲ, ಹುಡುಕಿದ್ದೇನೆ. ನಾಗನಿಗೆ ಗಾಯ ಮಾಡಿದ್ದು ದೋಷವೇ ಹೌದು ಅಂದರಂತೆ. ಹಾಗಾದರೆ ಗೋವಾಕ್ಕೆ ಹೋಗಿ ಲೇಸರಿನಲ್ಲಿ ಸುಡಿಸಿ ತೆಗೆಸಿಬಿಡಲೋ ಅಂತ ಅತ್ತೆ ಕೇಳಿದ್ದಾರೆ. ಸುಡಿಸಿದರೆ ನಾಗನನ್ನು ಕೊಂದ ಹಾಗೆ, ಅದು ಇದಕ್ಕಿಂತ ದೊಡ್ಡದು, ಅಂದರಂತೆ ಭಟ್ಟರು. ಇಟ್ಟುಕೊಳ್ಳುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಗಾದೆ ಹೇಳುತ್ತಾರಲ್ಲ, ಅದು ನನ್ನ ತಂಗಿಯ ಬೆನ್ನಿನ ಮೇಲೆ ನಿಜವಾಯಿತು. ಕೊನೆಗೆ ನನ್ನನ್ನು ಕರೆಸಿದರು.

ಚಿತ್ರದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಣಕೋಣದ ಬಸ್ಸು ಹತ್ತಿದೆ. ಜಗಲಿಯ ಮೇಲೆ ಅತ್ತೆ, ಭಟ್ಟರು, ತಂಗಿಯ ಗಂಡ ಕೂತಿದ್ದರು. ತಂಗಿ ಬಾಗಿಲ ಒಳಗೆ ನಿಂತಿದ್ದಳು. ಪುಸ್ತಕ ಬಿಚ್ಚಿ, ಇದು ನಾಗ ಅಲ್ಲ, ಇದಕ್ಕೆ ಕೋಡು ಉಂಟು, ಮೀಸೆ ಉಂಟು, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ಕಾಲು ಉಂಟು, ಕಾಲಿದ್ದ ಹಾವನ್ನು ಯಾರಾದರೂ ನೋಡಿದ್ದೀರಾ, ಅಂತ ಕೇಳಿದೆ. ಅತ್ತೆ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಒಂದು ಕಡೆಗೆ ಒತ್ತರಿಸಿ, ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತಾರೆ, ನಿನಗೆ ಗೊತ್ತಾ ಅದಕ್ಕೆ ಕಾಲಿಲ್ಲ ಅಂತ, ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನನ್ನ ನೆತ್ತಿಗೆ ಸಿಟ್ಟು ಏರಿತು. ನಿಮ್ಮ ನಾಗ ಜಪಾನಿಗೆ ಯಾವ ಬಸ್ಸಲ್ಲಿ ಹೋಗಿದ್ದ ಅಂತ ಕೇಳಿಬಿಟ್ಟೆ. ತಂಗಿಯ ಗಂಡ ತಲೆ ತಗ್ಗಿಸಿದ. ಬಾಗಿಲ ಒಳಗಿಂದ ತಂಗಿ ನನ್ನನ್ನು ನೋಡಿ ಸಣ್ಣಗೆ ತಲೆ ಆಡಿಸಿದಳು, ಬೇಡ ಅಕ್ಕ ಅನ್ನುವ ಹಾಗೆ.

ಭಟ್ಟರೇ ದಾರಿ ಹೇಳಿದರು. ನಾಗ ಬೇಕಾದ ರೂಪ ತಾಳುತ್ತಾನೆ, ಅಳಿಸುವುದು ಬೇಡ, ಬೇರೆ ರೂಪ ಮಾಡಿದರೆ ಕೊಂದ ಹಾಗಾಗುವುದಿಲ್ಲ. ಚುಚ್ಚಿದ ಕೈಯೇ ಮಾಡಬೇಕು. ಸರಿ, ಯಾವ ರೂಪ? ಪುಸ್ತಕವನ್ನು ಅತ್ತೆಯ ಮುಂದೆ ಇಟ್ಟೆ. ಅವರು ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಒಂದೊಂದೇ ಹಾಳೆ ತಿರುಗಿಸಿದರು. ಬೆಂಕಿಯ ಹಕ್ಕಿಗೆ ನವಿಲಿನ ಬಾಲ ಇತ್ತು, ನವಿಲು ಹಾವಿಗೆ ವೈರಿ, ಬೇಡ. ಗುಂಗುರು ಕೇಸರದ ಸಿಂಹ ಆಗಬಹುದಿತ್ತು, ಆದರೆ ಅದು ದೇವಿಯ ವಾಹನ, ಅದರ ಮೇಲೆ ಇವಳು ದಿನಾ ಅಂಗಾತ ಮಲಗೂದು ಹೇಗೆ, ಬೇಡ. ಒಂಬತ್ತು ಬಾಲದ ನರಿಯನ್ನು ನೋಡಿ ಉಗುಳಲು ಎದ್ದು ಹೋಗಿ ಬಂದರು. ಆಮೇಲೆ ಕೋಡು ಮೂಡಿದ, ಕೋರೆಹಲ್ಲಿನ ಒಂದು ಮುಖ ಬಂತು. ಇದು ಯಾರು ಅಂತ ಕೇಳಿದರು. ಹೊಟ್ಟೆಕಿಚ್ಚಿನಿಂದ ರಾಕ್ಷಸಿಯಾದ ಹೆಂಗಸು ಅಂದೆ, ಅವರ ಮುಖವನ್ನೇ ನೋಡುತ್ತ. ಅವರಿಗೆ ಅರ್ಥವಾಯಿತು. ಹಾಳೆ ತಿರುಗಿಸಿದರು.

ಮೀನು ಬಂತು. ನೀರಿನ ವಿರುದ್ಧ ಮೈ ಬಾಗಿಸಿ ಏರುವ ದೊಡ್ಡ ಕೆಂಪು ಮೀನು. ಅತ್ತೆಯ ಮುಖ ಸಡಿಲವಾಯಿತು. ಇದು ಅಡ್ಡಿಲ್ಲ ಅಂದರು. ದೇವರೂ ಮೀನಾಗಿ ಬಂದಿದ್ದುಂಟು ಅಂತ ಭಟ್ಟರು ಒಪ್ಪಿದರು. ಹೊರಡುವಾಗ ಅತ್ತೆ ಅಂಗಳದಾಚೆಯ ನಾಗರಕಲ್ಲು ತೋರಿಸಿ, ಅಲ್ಲಿ ಕೈ ಮುಗಿದು ತಪ್ಪಾಯ್ತು ಅಂತ ಒಂದು ಮಾತು ಹೇಳಿ ಹೋಗು ಅಂದರು. ಕೈ ಮುಗಿದೆ. ತಪ್ಪಾಯ್ತು ಅನ್ನಲಿಲ್ಲ. ನಾನು ತಪ್ಪು ಮಾಡಿಲ್ಲ, ಡಾಕ್ಟರ್ ಕಾರಣ ಹೇಳಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಬಸ್ಸಿಗೆ ನಡೆದೆ.

ಜಪಾನಿನಲ್ಲಿ ಒಂದು ಕತೆ ಉಂಟು. ಜಲಪಾತವನ್ನು ಹತ್ತಿ ತುದಿ ಮುಟ್ಟಿದ ಮೀನು ಡ್ರ್ಯಾಗನ್ ಆಗುತ್ತದೆ. ಗಟ್ಟಿಗರು ಅಂತ ತೋರಿಸಿಕೊಳ್ಳಲು ಆ ಮೀನನ್ನು ಮೈಮೇಲೆ ಹಾಕಿಸಿಕೊಳ್ಳುತ್ತಾರೆ. ನಾನು ಅದನ್ನು ತಿರುಗಾಮುರುಗಾ ಮಾಡಬೇಕಾಯಿತು, ಆಗಿಹೋದ ಡ್ರ್ಯಾಗನ್ನನ್ನು ಮೀನಿಗೆ ಇಳಿಸಬೇಕಾಯಿತು. ಹುರುಪೆ ಮೊದಲೇ ಮೀನಿನದು, ಅದು ಉಳಿಯಿತು. ಉಗುರುಗಳನ್ನು ಎಲೆ ಮಾಡಿದೆ. ಕೋಡು, ಮೀಸೆ, ಕಣ್ಣು ಎಲ್ಲದರ ಮೇಲೆ ಕಪ್ಪು ನೀರು ಹರಿಸಿದೆ. ಹಳೆಯ ಹಚ್ಚೆಯ ಮೇಲೆ ಹೊಸದು ಹಾಕುವಾಗ ಸೂಜಿ ಹೆಚ್ಚು ಹೊತ್ತು ಓಡಿಸಬೇಕು, ಬಣ್ಣ ಗಾಢವಾಗಬೇಕು, ಚರ್ಮ ಒಮ್ಮೆ ಗಾಯ ಕಂಡದ್ದಾದ್ದರಿಂದ ಬೇಗ ಸುಲಿಯುತ್ತದೆ.

ಪ್ರತಿ ಸಲವೂ ಅತ್ತೆ ಸಂಗಡ ಬಂದರು. ನಾನು ಮೋಸ ಮಾಡಿ ಹಾವನ್ನು ಹಾಗೇ ಬಿಟ್ಟೇನು ಅಂತ ಅನುಮಾನ. ಸ್ಟೂಲಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತ ನೋಡುತ್ತಿದ್ದರು. ತಂಗಿ ಬೋರಲು ಮಲಗಿ ದಿಂಬಿನ ಮೂಲೆ ಕಚ್ಚಿಕೊಂಡಿರುತ್ತಿದ್ದಳು. ಅರ್ಧಕ್ಕೆ ಒಮ್ಮೆ ಅವಳ ಕಾಲು ನಡುಗಿತು. ನಾನು ಯಂತ್ರ ನಿಲ್ಲಿಸಿ, ಇವತ್ತಿಗೆ ಸಾಕು, ಅವಳಿಗೆ ತಡೆಯೂದಿಲ್ಲ, ಅಂದೆ.

"ನೋಯಲಿ," ಅಂದರು ಅತ್ತೆ. "ಅದಕ್ಕೂ ನೋವಾಗಿತ್ತಲ್ಲ."

ಅಡಕತ್ತರಿಯನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಕು ಅನ್ನಿಸಿತು. ಅದಕ್ಕೆ ಮೊದಲು ತಂಗಿಯೇ ದಿಂಬಿನಿಂದ ಬಾಯಿ ಎತ್ತಿ, ಮಾಡು ಅಕ್ಕ, ಮುಗಿಸಿಬಿಡು, ಅಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ನಿನಗೆ ಬುದ್ಧಿ ಅನ್ನುವುದು ಉಂಟೋ ಇಲ್ಲವೋ, ಇಷ್ಟು ಓದಿ ಎಂತ ಮಾಡಿದೆ, ಅಂತ ಅತ್ತೆಯ ಎದುರಿಗೇ ಬೈದೆ. ಬೈಯುತ್ತಲೇ ಸೂಜಿ ಇಳಿಸಿದೆ. ಅವಳು ಮತ್ತೆ ದಿಂಬು ಕಚ್ಚಿದಳು. ಮುಗಿದ ಮೇಲೆ ಅವಳ ಕೈಯಲ್ಲಿ ಮಾತ್ರೆಯ ಡಬ್ಬಿ ಕೊಟ್ಟು ಬಸ್ಸಿಗೆ ಹತ್ತಿಸಿದೆ, ಒಂದು ದಿನವೂ ತಪ್ಪಿಸಬೇಡ ಅಂತ ಹತ್ತು ಸಲ ಹೇಳಿದೆ. ತಪ್ಪಿಸಲಿಲ್ಲ ಅವಳು. ಅಷ್ಟು ಮಾತು ಕೇಳಿದಳು.

ಮತ್ತೆ ಬಸುರಿಯಾದಳು. ಮೂರು ತಿಂಗಳು ದಾಟಿತು, ಐದು ದಾಟಿತು. ಹಣಕೋಣದಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಯಿತು, ಮೀನು ಆದ ಮೇಲೆ ನಿಂತಿತಂತೆ ಅಂತ. ಮಾತ್ರೆಯ ಹೆಸರನ್ನು ಯಾರೂ ಎತ್ತಲಿಲ್ಲ. ಮಗು ನಿಂತಿದ್ದು ಮೀನಿನಿಂದ ಅಂತಾದರೆ ಹಿಂದಿನ ಎರಡು ಹೋಗಿದ್ದು ನನ್ನ ಸೂಜಿಯಿಂದ ಅಂತಲೇ ಆಯಿತಲ್ಲ. ಹಾಗೆ ಬಾಯಿಬಿಟ್ಟು ಯಾರೂ ಅನ್ನಬೇಕಾಗಲಿಲ್ಲ. ಸೀಮಂತಕ್ಕೆ ನನ್ನನ್ನು ಕರೆಯಲಿಲ್ಲ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು, ಅವಳಿಗೆ ತವರು ಅಂದರೆ ನಾನು. ಅಂಕೋಲೆಯ ಮನೆಗೆ ಸುಣ್ಣ ಹೊಡೆಸಿ, ಬಚ್ಚಲ ಹಂಡೆ ತಿಕ್ಕಿಸಿ ಕಾದೆ. ಕಳಿಸಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ. ಇಲ್ಲಿ ಹೊರಗಾದವಳು ನಾನು.

ಆ ತಿಂಗಳುಗಳಲ್ಲಿ ನಾನು ಪಟ್ಟದ್ದು ಯಾವ ಶತ್ರುವಿಗೂ ಬೇಡ. ಮಗು ಉಳಿದರೆ ನಾನು ಎರಡು ಮಕ್ಕಳನ್ನು ಕೊಂದವಳು. ಉಳಿಯದಿದ್ದರೆ ನನ್ನ ಕೈ ಶುದ್ಧ. ಯಾರಾದರೂ ಇಂಥ ತಕ್ಕಡಿಯಲ್ಲಿ ಕೂತಿದ್ದೀರಾ? ಮಗು ಉಳಿಯಲಿ ಅಂತಲೇ ಬೇಡಿಕೊಂಡೆ. ಬಾಯಿಮಾತಿಗಲ್ಲ, ಹೊಟ್ಟೆಯ ಒಳಗಿಂದ ಬೇಡಿಕೊಂಡೆ. ಬೇಡಿಕೊಂಡ ಪ್ರತಿ ಸಲವೂ ನನ್ನ ಕುತ್ತಿಗೆಯ ಹಗ್ಗವನ್ನು ನಾನೇ ಬಿಗಿ ಮಾಡಿಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು. ಆ ಸಮಯದಲ್ಲಿ ಡ್ರ್ಯಾಗನ್ ಕೇಳಿ ಬಂದವರನ್ನೆಲ್ಲ ವಾಪಸ್ ಕಳಿಸಿದೆ, ಕಾರಣ ಹೇಳಲಿಲ್ಲ.

ಹೆಣ್ಣು ಮಗು ಹುಟ್ಟಿತು. ಸುದ್ದಿ ಕೊಟ್ಟಿದ್ದು ತಂಗಿಯ ಗಂಡ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಫೋನಿನಲ್ಲಿ, ತಗ್ಗಿದ ದನಿಯಲ್ಲಿ. ತಾಯಿ, ಮಗು ಇಬ್ಬರೂ ಆರಾಮ. ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ಸಂಶಯ ಇಲ್ಲ. ನೋಡಲು ಬರಲೋ ಅಂತ ಕೇಳಿದಾಗ ಅವನು ತಡವರಿಸಿ, ಇಲ್ಲಿ ಬೇಡ, ಅಮ್ಮ ಇದ್ದಾಳೆ, ಅಂದ. ಕೆಲವು ದಿನ ಬಿಟ್ಟು ಅವನೇ ಮತ್ತೆ ಫೋನು ಮಾಡಿದ. ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡಿದ್ದಾರೆ, ಅಮ್ಮ ಹೇಳಿದ್ದಾಳೆ, ನೀವು ನಾಗರಕಲ್ಲಿನ ಹತ್ತಿರ ತಪ್ಪು ಒಪ್ಪಿಕೊಂಡರೆ ತಾಯಿಯ ಅಕ್ಕ, ಮಾವಶಿ ಅಂತ ಮಗುವನ್ನು ನೀವೇ ತೊಟ್ಟಿಲಿಗೆ ಹಾಕಬಹುದಂತೆ. ನಿನ್ನ ಹೆಂಡತಿ ಎಂತ ಹೇಳ್ತಾಳೆ ಅಂತ ಕೇಳಿದೆ. ಅವಳು ಏನೂ ಹೇಳಿಲ್ಲ ಅಂದ.

ನನ್ನ ಸ್ವಭಾವ ಗೊತ್ತಿದ್ದವರು ನಂಬಲಿಕ್ಕಿಲ್ಲ. ಒಪ್ಪಿಕೊಳ್ಳುವುದು ಅಂತ ತೀರ್ಮಾನ ಮಾಡಿದೆ. ಒಂದು ಸುಳ್ಳು ತಾನೇ? ಕಲ್ಲಿನ ಮುಂದೆ ನಿಂತು ಒಂದು ಸುಳ್ಳು ಹೇಳಿದರೆ ಮಗು ಸಿಗುತ್ತದೆ, ತಂಗಿ ಸಿಗುತ್ತಾಳೆ. ಸತ್ಯ ಇಟ್ಟುಕೊಂಡು ಕಾಜುಬಾಗಿನ ಕೋಣೆಯಲ್ಲಿ ಎಂತ ಮಾಡಲಿ, ನೆಂಚಿಕೊಳ್ಳಲೋ? ಆಯಿಯ ಹಳೇ ಸೀರೆಗಳಲ್ಲಿ ಒಂದು ಸಣ್ಣ ಗೋದಡಿ ಹೊಲಿದೆ. ಅದನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹಣಕೋಣಕ್ಕೆ ಹೋದೆ.

ಅಂಗಳದಲ್ಲಿ ನೆಂಟರು ಇದ್ದರು. ಅತ್ತೆ ನನ್ನನ್ನು ನೇರ ನಾಗರಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ತಂಗಿ ಮಗುವನ್ನು ಎತ್ತಿಕೊಂಡು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ದಪ್ಪಗಾಗಿದ್ದಳು, ಚಂದ ಕಾಣುತ್ತಿದ್ದಳು. ಮಗುವಿನ ತಲೆ ಮಾತ್ರ ಕಾಣಿಸುತ್ತಿತ್ತು, ದಟ್ಟ ಕೂದಲು. ಅದನ್ನು ನೋಡಿದ ಮೇಲೆ ನನಗೆ ಮಾನ, ಮರ್ಯಾದೆ ಒಂದೂ ಉಳಿಯಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆ.

"ನಾನೇ ಮಾಡಿದ್ದು," ಅಂದೆ, ಗಟ್ಟಿಯಾಗಿ, ಜಗಲಿಗೆ ಕೇಳುವ ಹಾಗೆ. "ನನ್ನ ಕೈಯಿಂದಲೇ ಆ ಎರಡು ಮಕ್ಕಳು ಹೋದವು. ನನಗೆ ಆವಾಗಲೇ ಗೊತ್ತಿತ್ತು, ಹಟಕ್ಕೆ ಇಲ್ಲ ಅಂದೆ. ತಪ್ಪಾಯ್ತು."

ಅತ್ತೆ ಅತ್ತರು. ಅದು ನಾಟಕದ ಅಳು ಅಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ಆಯ್ತು ಮಾರಾಯ್ತಿ, ಮುಗೀತು, ಇನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡ, ಅಂದರು. ಒಳಗಿಂದ ಬೆಲ್ಲ, ನೀರು ತರಿಸಿದರು. ನಾನು ಗೋದಡಿ ತೆಗೆದುಕೊಂಡು ಜಗಲಿಯ ಮೆಟ್ಟಿಲು ಹತ್ತಿ, ಮಗುವಿಗಾಗಿ ಕೈ ನೀಡಿದೆ.

ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ಸುಣ್ಣದ ಹಾಗೆ ಆಗಿತ್ತು. ಇವರ ಎದುರಿಗೆ ಹೇಳಿದ್ದು ಅಷ್ಟೇ, ನಿನಗೆ ಗೊತ್ತುಂಟಲ್ಲ, ಅಂತ ಕಣ್ಣಲ್ಲಿ ಹೇಳಲು ನೋಡಿದೆ. ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು.

"ಇವರೆಲ್ಲ ಹೇಳಿದರೂ ನಾನು ನಂಬಿರಲಿಲ್ಲ ಅಕ್ಕ," ಅಂದಳು. "ನೀನು ಇಲ್ಲ ಅಂದಿದ್ದೆಯಲ್ಲ, ಅದನ್ನೇ ಹಿಡಿದುಕೊಂಡು ಕೂತಿದ್ದೆ. ಬೆನ್ನು ಸುಲಿಸಿಕೊಂಡದ್ದು ಇವರ ಸಮಾಧಾನಕ್ಕೆ. ನೀನು ಗೊತ್ತಿದ್ದೂ ಸುಮ್ಮನಿದ್ದೆ?"

ಇಲ್ಲವೇ, ಸುಳ್ಳು ಹೇಳಿದೆ, ನಿನಗೋಸ್ಕರ ಸುಳ್ಳು ಹೇಳಿದೆ, ಅಂದೆ. ಎಲ್ಲರೆದುರು, ಆ ಕಲ್ಲಿನೆದುರು ಅಂದೆ. ಅಂಗಳದಲ್ಲಿ ಯಾರೋ ನಾಲಿಗೆ ಕಚ್ಚಿಕೊಂಡರು. ತಂಗಿ ಮಗುವಿನ ತಲೆಗೆ ಸೆರಗು ಮುಚ್ಚಿ ಒಳಗೆ ಹೋಗಿ ಕೋಣೆಯ ಅಗಳಿ ಹಾಕಿದಳು. ಅತ್ತೆಯೇ ಬಾಗಿಲು ತಟ್ಟಿದರು. ಒಪ್ಪಿಕೊಂಡಾಗಿದೆ, ನಾಗ ಕ್ಷಮಿಸಿದ್ದಾನೆ, ಒಂದು ಸಲ ಮಗುವನ್ನು ಕೊಡು, ಸ್ವಂತ ಅಕ್ಕ ಅವಳು, ಅಂತ ಬಹಳ ಹೊತ್ತು ಬೇಡಿಕೊಂಡರು. ಒಳಗಿಂದ ಮಗು ಅಳುವುದು ಕೇಳಿಸುತ್ತಿತ್ತು. ಬಾಗಿಲು ತೆಗೆಯಲಿಲ್ಲ.